ಕಾರ್ಡಿನಲ್ಲಿದ್ದ ಅಜ್ಜಿ

ನನ್ನ ಬರವಣಿಗೆ ಮೊದಲ ಸಲ ಅಚ್ಚಾದಾಗ ನನಗೆ ಹತ್ತೊಂಬತ್ತು ವರ್ಷ. ಬೆಂಗಳೂರಿನ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೂರೂವರೆ ಪುಟ. ಯುದ್ಧದ ಕಾಲ, ಕಾಗದಕ್ಕೆ ಬರ, ಸಂಚಿಕೆ ಹಪ್ಪಳದಷ್ಟು ತೆಳ್ಳಗಿತ್ತು. ಅಂಥದರಲ್ಲಿ ಮೂರೂವರೆ ಪುಟ ಸಿಗುವುದು ಸಣ್ಣ ಮಾತಲ್ಲ ಎಂದು ನಮ್ಮ ಅಧ್ಯಾಪಕಿ ಹೇಳಿದ್ದರು. ಆ ಪುಟಗಳಿಂದ ಒಂದು ಊರಿಗೆ, ಅದರಲ್ಲೂ ಒಬ್ಬ ಹುಡುಗಿಗೆ ಏನಾಯಿತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ನನ್ನ ಗಂಡನಿಗೆ ಅರ್ಧ ಹೇಳಿದ್ದೆ, ನನಗೆ ಅನುಕೂಲವಾದ ಅರ್ಧ.

ಇಲ್ಲಿ ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಬರೆಯುವುದಿಲ್ಲ. ಅವತ್ತೂ ಬರೆದಿರಲಿಲ್ಲ. ಹೆಸರು ಬರೆಯದಿದ್ದರೆ ಸಾಕು, ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೇ ನನ್ನ ಮೊದಲ ತಪ್ಪು. ಈಗಂತೂ ಆ ಊರು ಗುರುತು ಸಿಗದಷ್ಟು ಬದಲಾಗಿದೆ. ಶಾಲೆ ಇದ್ದ ಜಾಗದಲ್ಲಿ ಕಾರ್ಖಾನೆಯ ಗೋಡೆ ಎದ್ದಿದೆ.

ನಮ್ಮ ಮನೆ ಇದ್ದದ್ದು ಹೊಸೂರಿನಲ್ಲಿ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಹೆಣ್ಣುಮಗಳನ್ನು ಬಿ.ಎ. ಓದಿಸುತ್ತೇನೆ ಎಂದು ಹಟ ಹಿಡಿದು ನನ್ನನ್ನು ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು. ಪ್ರತಿ ಶನಿವಾರ ಮಧ್ಯಾಹ್ನ ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದೆ. ಏರು ಬಂದರೆ ಬಸ್ಸು ಉಸಿರು ಕಟ್ಟಿ ನಿಲ್ಲುತ್ತಿತ್ತು, ಗಂಡಸರು ಇಳಿದು ತಳ್ಳುತ್ತಿದ್ದರು. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ವಾಪಸು.

ಕಾಲೇಜಿನಲ್ಲಿ ಹೊಸದಾಗಿ ಬಂದ ಅಧ್ಯಾಪಕಿಯೊಬ್ಬರು ಒಂದು ಸೇವಾ ಸಂಘ ಕಟ್ಟಿದರು. ಓದುತ್ತಿರುವ ನಾವು ಒಬ್ಬೊಬ್ಬರೂ ಒಂದು ಹಳ್ಳಿಶಾಲೆಯ ನಾಲ್ಕೈದು ಮಕ್ಕಳನ್ನು ಆರಿಸಿಕೊಂಡು, ವರ್ಷವಿಡೀ ರಜೆಯ ದಿನಗಳಲ್ಲಿ ಅವರ ಜೊತೆ ಕೂತು ಪಾಠಕ್ಕೆ ನೆರವಾಗಬೇಕು, ಅವರ ಕಷ್ಟಸುಖ ಕೇಳಬೇಕು. "ಮೇಷ್ಟರಾಗಬೇಡಿ, ಮೇಷ್ಟರು ಅಲ್ಲಿ ಇದ್ದಾರೆ. ನೀವು ಅಕ್ಕಂದಿರಾಗಿ," ಎಂದರು. ಕೊನೆಯಲ್ಲಿ ಕಂಡದ್ದನ್ನು ಬರೆದುಕೊಡಬೇಕು. ಚೆನ್ನಾಗಿರುವುದನ್ನು ಸಂಚಿಕೆಗೆ ಹಾಕುತ್ತೇವೆ ಎಂದೂ ಹೇಳಿದರು. ನಿಜ ಹೇಳಬೇಕೆಂದರೆ ನಾನು ಕೈ ಎತ್ತಿದ್ದು ಆ ಕೊನೆಯ ಮಾತಿಗೆ.

ನಮ್ಮ ಮನೆಗೆ ಮೊಸರು ತರುತ್ತಿದ್ದ ಹೆಂಗಸಿನ ಊರು ಹೊಸೂರಿನಿಂದ ಎರಡು ಮೈಲಿಯೂ ಇರಲಿಲ್ಲ. ಅಲ್ಲಿ ಒಂದೇ ಕೋಣೆಯ ಶಾಲೆ, ಒಬ್ಬರೇ ಮೇಷ್ಟರು. ಭಾನುವಾರ ಮೊಸರು ಮಾರಿ ಹಿಂತಿರುಗುವಾಗ ಅವಳು ನನ್ನನ್ನು ಕರೆದುಕೊಂಡು ಹೋಗುವುದು, ಮೂರು ಗಂಟೆಯ ಹೊತ್ತಿಗೆ ಯಾರಾದರೂ ಪೇಟೆಗೆ ಹೋಗುವವರ ಜೊತೆ ಕಳಿಸುವುದು ಎಂದು ಗೊತ್ತಾಯಿತು. ಅಪ್ಪ ಒಪ್ಪಿದರು. ಅಮ್ಮ ಒಂದು ಕೊಡೆ ಕೊಟ್ಟಳು.

ಮೇಷ್ಟರು ಐದು ಮಕ್ಕಳನ್ನು ಶಾಲೆಯ ಜಗಲಿಯಲ್ಲಿ ಕೂರಿಸಿ ಹೋದರು. ಮೂರು ಭಾನುವಾರ ಆ ಮಕ್ಕಳು ನನ್ನೆದುರು ಬಾಯಿ ಬಿಡಲಿಲ್ಲ. ನಾನು ಕೇಳಿದ್ದಕ್ಕೆ ತಲೆ ಆಡಿಸುವುದು, ಸ್ಲೇಟನ್ನು ಎದೆಗೆ ಒತ್ತಿಕೊಳ್ಳುವುದು, ಒಬ್ಬರ ಮುಖ ಒಬ್ಬರು ನೋಡಿ ನಗುವುದು, ಇಷ್ಟೇ. ನಾಲ್ಕನೆಯ ವಾರ, ಹನ್ನೊಂದು ವರ್ಷದ ಒಬ್ಬಳು, ಎಣ್ಣೆ ಕಾಣದ ಕೂದಲನ್ನು ಬಿಗಿಯಾಗಿ ಹೆಣೆದುಕೊಂಡವಳು, ಧೈರ್ಯ ಮಾಡಿ ಹೇಳಿದಳು:

"ಅಕ್ಕಾ, ನೀನು ಮಾತಾಡೋದು ಪುಸ್ತಕ ಓದ್ದಂಗೈತೆ. ಅದ್ಕೇ ಇವ್ರು ನಗೋದು."

"ಹಾಗಾದರೆ ಹೇಗೆ ಮಾತಾಡಬೇಕು, ನೀನೇ ಹೇಳಿಕೊಡು."

"ಹಾಗಾದರೆ ಅಂತ ಯಾರಂತಾರೆ? ಅಂಗಾದ್ರೆ ಅನ್ನು."

"ಅಂಗಾದ್ರೆ," ಎಂದೆ. ಜಗಲಿಯೆಲ್ಲ ನಕ್ಕಿತು. ಅಲ್ಲಿಂದ ನಾವು ಸ್ನೇಹಿತರಾದೆವು. ಅವರು ನನಗೆ ಮಾತು ಕಲಿಸಿದರು, ನಾನು ಅವರಿಗೆ ಲೆಕ್ಕ, ಭೂಗೋಳ. ಆ ಮಕ್ಕಳ ಬಾಯಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಹೊರಟು ನಡುವೆ ತೆಲುಗಾಗಿ ಕೊನೆಗೆ ತಮಿಳಿನಲ್ಲಿ ಮುಗಿಯುತ್ತಿತ್ತು. ಯಾವುದು ಯಾವ ಭಾಷೆ ಎಂದು ಕೇಳಿದರೆ ಅವರಿಗೇ ಗೊತ್ತಿರುತ್ತಿರಲಿಲ್ಲ.

ಆ ಹುಡುಗಿ ಬಾಯಿಲೆಕ್ಕದಲ್ಲಿ ಚುರುಕು. ಪಾವು, ಅಚ್ಚೇರು, ಸೇರು, ಪಡಿ ಎಂದರೆ ಅವಳಿಗೆ ನೀರು ಕುಡಿದಂತೆ. ನಾನು ಕಾಗದದ ಮೇಲೆ ಮಾಡಿ ಮುಗಿಸುವ ಮುಂಚೆ ಅವಳು ಉತ್ತರ ಹೇಳಿ, ನನ್ನ ಪೆನ್ಸಿಲ್ಲನ್ನೇ ನೋಡುತ್ತಿದ್ದಳು. ಇಷ್ಟು ಎಲ್ಲಿ ಕಲಿತೆ ಎಂದು ಕೇಳಿದೆ. "ಕಂಟ್ರೋಲ್ ಅಂಗಡೀಲಿ," ಎಂದಳು, ಕಾರ್ಡಿಗೆ ರೇಷನ್ನು ಅಳೆದು ಕೊಡುವ ಅಂಗಡಿ. "ನಮ್ಮವ್ವಂಗೆ ಲೆಕ್ಕ ಬರಾಕಿಲ್ಲ. ನಾನೇ ಹೋಗೋದು. ಅವ್ನು ಅಳೆಯೋವಾಗ ಹೆಬ್ಬೆಟ್ಟು ಒಳಗಿಕ್ತಾನೆ. ನೋಡ್ಕೋಬೇಕು."

ಐದನೆಯ ಕ್ಲಾಸು ಮುಗಿಸಿದರೆ ಅವಳನ್ನು ಹೊಸೂರಿನ ದೊಡ್ಡ ಶಾಲೆಗೆ ಸೇರಿಸಬೇಕೆಂದು ನಾನು ನಿರ್ಧರಿಸಿಬಿಟ್ಟೆ. ನಮ್ಮ ಮನೆಯಲ್ಲೇ ಇರಲಿ, ಅಮ್ಮನಿಗೆ ನೆರವಾಗುತ್ತಾಳೆ ಎಂದೆಲ್ಲ ಯೋಚನೆ. ಅವಳ ಮುಂದೆಯೂ ಹೇಳಿದೆ. ಅವಳು ನಂಬಿದಳು. ಮುಂದಿನ ವಾರದಿಂದ ತಮಿಳು ಅಕ್ಷರ ಬರೆಯಿಸು ಎಂದು ದುಂಬಾಲು ಬಿದ್ದಳು, ದೊಡ್ಡ ಶಾಲೆಯಲ್ಲಿ ತಮಿಳು ಬೇಕೇ ಬೇಕು ಎಂದು ಯಾರೋ ಹೇಳಿದ್ದರಂತೆ. ನನಗೂ ತಮಿಳು ಓದಲು ಬರುತ್ತಿತ್ತು, ಕಲಿಸತೊಡಗಿದೆ. ಅರ್ಧ ಅಕ್ಷರಮಾಲೆಗೆ ನಿಂತಿತು.

ಒಂದು ಭಾನುವಾರ ಅವಳು ನನ್ನನ್ನು ಊಟಕ್ಕೆ ಕರೆದಳು. ಒಂದೇ ಅಂಕಣದ ಮನೆ, ಬಾಗಿಲಿಗೆ ನೀಲಿ ಬಣ್ಣ, ಮುಂದೆ ಒಂದು ಹೊಂಗೆಮರ. ಅವಳ ಅಪ್ಪ ಕೃಷ್ಣಗಿರಿ ಕಡೆ ಮಾವಿನ ತೋಪು ಕಾಯಲು ಹೋಗಿದ್ದ. ತಿಂಗಳಿಗೊಮ್ಮೆ ಬಂದರೆ ಬಂದ. ಅವ್ವ, ಒಬ್ಬ ಪುಟ್ಟ ತಮ್ಮ, ಇವಳು. ಅವ್ವ ನನ್ನನ್ನು ನೋಡಿ ಗಾಬರಿಯಾಗಿ ಚಾಪೆ ಕೊಡವಿ ಹಾಸಿದಳು. ಮುದ್ದೆ, ಅಣ್ಣೆಸೊಪ್ಪಿನ ಸಾರು. ಮುದ್ದೆ ಕಟ್ಟುವಾಗ ಹುಡುಗಿ ಪಕ್ಕದಲ್ಲಿ ಕೂತು ಆಟದಂತೆ ಎಣಿಸುತ್ತಿದ್ದಳು:

"ಇದು ತಮ್ಮಂದು, ಇದು ನಂದು, ಇದು ಅವ್ವಂದು, ಇದು ಅಜ್ಜೀದು. ಅಜ್ಜೀದು ಇವತ್ತು ಅಕ್ಕಂಗೆ."

"ಅಜ್ಜಿ ಎಲ್ಲಿ?" ಎಂದೆ.

"ಸತ್ತೋಗ್ಬುಟ್ಳು. ಹೋದ್ ಸುಗ್ಗೀಗೂ ಮುಂಚೆ."

ನನಗೆ ಅರ್ಥವಾಗಲಿಲ್ಲ. ಹುಡುಗಿ ಕಣ್ಣರಳಿಸಿ ಹೇಳಿದಳು: "ಕಾರ್ಡ್ನಾಗವ್ಳಲ್ಲಾ! ಅಜ್ಜೀದೂ ರಾಗಿ ಕೊಡ್ತಾರೆ, ಅಜ್ಜೀದೂ ಸೀಮೆಣ್ಣೆ ಕೊಡ್ತಾರೆ. ಸತ್ರೂ ನಮ್ಗೆ ಉಣ್ಣಾಕಿಕ್ತಾವ್ಳೆ ಕಣಕ್ಕಾ."

"ಬಾಯ್ ಮುಚ್ಚೇ!" ಎಂದು ಅವ್ವ ಗದರಿದಳು. ಆಮೇಲೆ ನನ್ನ ಕಡೆ ತಿರುಗಿ, ಮುಖ ಸಣ್ಣಗೆ ಮಾಡಿಕೊಂಡು, "ಮಗಾ ಏನೋ ಅಂದ್ಬುಡ್ತು. ನಮ್ಮತ್ತೆ ಹೋದಾಗ ಹೆಸ್ರು ಹೊಡ್ಸ್ಬೇಕಾಗಿತ್ತು. ಅವ್ರು ಕೊಡೋದ್ರಾಗೆ ನಾಕ್ ದಿನ ಬರ್ತದೆ, ಮಿಕ್ಕ ಮೂರ್ ದಿನಕ್ಕೆ ಏನ್ ಮಾಡಾನ? ಅಂಗೇ ಬುಟ್ವಿ," ಎಂದಳು.

"ಪರವಾಗಿಲ್ಲಮ್ಮ, ನಾನು ಯಾರಿಗೆ ಹೇಳಲಿ," ಎಂದೆ.

ಹುಡುಗಿಗೆ ಅಷ್ಟು ಸಾಲಲಿಲ್ಲ. ನನ್ನ ಬಲಗೈ ಹಿಡಿದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. "ಆಣೆ?" ಎಂದಳು. "ಆಣೆ," ಎಂದೆ. ಕೈಯಲ್ಲಿ ಮುದ್ದೆ ಮುರಿದ ಹಿಟ್ಟು ಅಂಟಿತ್ತು. ಅದು ಅವಳ ಕೂದಲಿಗೆ ಮೆತ್ತಿಕೊಂಡಿತು.

ಆ ಮಾತು ನನ್ನನ್ನು ಬಿಡಲಿಲ್ಲ. ಸತ್ತರೂ ನಮಗೆ ಉಣ್ಣಲು ಇಕ್ಕುತ್ತಿದ್ದಾಳೆ. ಬಸ್ಸಿನಲ್ಲಿ ಬರುವಾಗ, ಕ್ಲಾಸಿನಲ್ಲಿ ಕೂತಾಗ ಅದನ್ನೇ ಬಾಯೊಳಗೆ ಹೊರಳಿಸುತ್ತಿದ್ದೆ. ವರ್ಷದ ಕೊನೆಗೆ ವರದಿ ಬರೆಯುವ ಹೊತ್ತು ಬಂದಾಗ ಬೇರೆ ಏನು ಬರೆದರೂ ಸಪ್ಪೆಯೆನಿಸಿತು. ಲೆಕ್ಕ ಕಲಿಸಿದೆ, ಭೂಗೋಳ ಕಲಿಸಿದೆ ಎಂದರೆ ಯಾರು ಓದುತ್ತಾರೆ? ಒಂದೇ ಕೂತಿನಲ್ಲಿ ಬರೆದೆ. ನೀಲಿ ಬಾಗಿಲು ಬರೆದೆ, ಹೊಂಗೆಮರ ಬರೆದೆ, ಹೆಬ್ಬೆಟ್ಟನ್ನು ಅಳತೆಯೊಳಗೆ ಇಡುವ ಅಂಗಡಿಯವನನ್ನು ಬರೆದೆ, ನಾಲ್ಕನೆಯ ಮುದ್ದೆಯನ್ನು ಬರೆದೆ. ಬರೆಯುವಾಗ ಆಣೆ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೆನಪಾಯಿತು. ಹೆಸರು ಹಾಕುತ್ತಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಬೆಂಗಳೂರಿನ ಹುಡುಗಿಯರು ಓದುವ ಸಂಚಿಕೆ ಎಂದುಕೊಂಡೆ. ಹೊಸೂರು ಬೇರೆ ಸರ್ಕಾರದ್ದು, ಗಡಿಯಾಚೆ ಎಂದೂ ಅಂದುಕೊಂಡೆ. ಬೇಕಾದ ಕೆಲಸ ಮಾಡಲು ಮನಸ್ಸಿಗೆ ಕಾರಣಗಳಿಗೇನು ಬರ.

ಅಧ್ಯಾಪಕಿ ಓದಿ ಕಣ್ಣೊರೆಸಿಕೊಂಡರು. ಸಂಚಿಕೆ ಅಚ್ಚಾಗಿ ಬಂತು. ನನಗೆ ಸಿಕ್ಕ ಎರಡು ಪ್ರತಿಗಳಲ್ಲಿ ಒಂದನ್ನು ಆ ಶನಿವಾರ ಮನೆಗೆ ತಂದೆ. ಅಪ್ಪ ಎರಡು ಸಲ ಓದಿದರು, ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದರು. ಸೋಮವಾರ ನಾನು ಬೆಂಗಳೂರಿಗೆ ಹೊರಟಾಗ ಸಂಚಿಕೆಯನ್ನು ಮೇಜಿನ ಮೇಲೆ ಬಿಟ್ಟು ಹೋದೆ.

ಮುಂದಿನ ಶನಿವಾರ ಊಟಕ್ಕೆ ಕೂತಾಗ ಅಪ್ಪ ಸಂತೋಷದಿಂದ ಹೇಳಿದರು, ಸಂಚಿಕೆಯನ್ನು ಕಚೇರಿಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದರಂತೆ. ಆಹಾರ ಸರಬರಾಜು ನೋಡಿಕೊಳ್ಳುವ ಅಧಿಕಾರಿ ಅದನ್ನು ಮನೆಗೂ ಒಯ್ದು ಓದಿದರಂತೆ.

"ನಿನ್ನ ಭಾಷೆಯನ್ನು ತುಂಬ ಮೆಚ್ಚಿಕೊಂಡರಮ್ಮ. ಇದು ಯಾವ ಊರು ಅಂತ ಕೇಳಿದರು."

ನನ್ನ ಕೈ ಎಲೆಯ ಮೇಲೆ ನಿಂತಿತು. "ನೀವು ಹೇಳಿದಿರಾ?"

"ಕೇಳಿದರೆ ಹೇಳದೆ ಇರುತ್ತೇನಾ? ನನ್ನ ಮಗಳು ಬಿಸಿಲಲ್ಲಿ ನಡೆದುಕೊಂಡು ಇಂಥ ಊರಿಗೆ ಹೋಗಿ ಮಕ್ಕಳಿಗೆ ಹೇಳಿಕೊಡುತ್ತಾಳೆ ಅಂದೆ."

ಅಪ್ಪ ಹೇಳಬಾರದಿತ್ತು ಎಂದು ಅವತ್ತು ಅವರ ಮೇಲೆ ಸಿಟ್ಟು ಮಾಡಿಕೊಂಡೆ. ಈಗ ಯೋಚಿಸಿದರೆ, ಹೇಳಬಾರದ್ದನ್ನು ಮೊದಲು ಹೇಳಿದವಳು ನಾನು. ಅವರು ಹೇಳಿದ್ದು ಊರಿನ ಹೆಸರೊಂದನ್ನು ಮಾತ್ರ.

ಮರುದಿನ ಬೆಳಿಗ್ಗೆ ಮೊಸರಿನವಳು ಬಂದಳು. ಕುಕ್ಕೆ ಇಳಿಸುತ್ತಲೇ ಶುರುಮಾಡಿದಳು: "ಅಮ್ಮಣ್ಣೀ, ನಮ್ಮೂರ್ಗೆ ಗುರುವಾರ ಆಪೀಸ್ರು ಬಂದು ಮನೆಮನೆ ಕಾರ್ಡು ನೋಡುದ್ರು. ಬಂದವ್ರು ಯಾರ್ನೂ ಕೇಳ್ನಿಲ್ಲ, ನೆಟ್ಗೆ ಆ ಹೊಂಗೆಮರದ ಮನೆಗೇ ಹೋದ್ರು! ಮುದುಕಿ ಎಲ್ಲಿ, ತೋರ್ಸು ಅಂದ್ರು. ಅಲ್ಲಿಂದ ಮಿಕ್ಕಿದ್ ಮನೆ. ನಮ್ ಮನೇಲೂ ಸತ್ತೋದ್ ಮಾವನ್ ಹೆಸ್ರು ಹೋಯ್ತು. ಐದಾರ್ ಮನೆ ಕಾರ್ಡು ಕಿತ್ಕೊಂಡ್ ಹೋಗವ್ರೆ. ಹೊಸದು ಯಾವಾಗ ಕೊಡ್ತಾರೋ ಸಿವ್ನೇ ಬಲ್ಲ."

ಅಮ್ಮ ನನ್ನ ಮುಖ ನೋಡಿದಳು. ನಾನು ಕೊಡೆ ತೆಗೆದುಕೊಂಡು ಮೊಸರಿನವಳ ಹಿಂದೆ ಹೊರಟೆ. ದಾರಿಯುದ್ದಕ್ಕೂ, ಊರು ಸೇರಿದ ತಕ್ಷಣ ತಪ್ಪೊಪ್ಪಿಕೊಂಡುಬಿಡುವುದು ಎಂದು ಗಟ್ಟಿ ಮಾಡಿಕೊಂಡೆ. ಹೇಗೆ ಆರಂಭಿಸಬೇಕು, ಯಾವ ಮಾತು ಮೊದಲು ಎಂದು ಕೂಡ ಜೋಡಿಸಿಕೊಂಡಿದ್ದೆ.

ಶಾಲೆಯ ಮುಂದೆ ಜನ ಸೇರಿದ್ದರು. ಊರಿನ ಪಟೇಲ ಜಗಲಿಯ ಮೇಲೆ ಕೂತಿದ್ದ, ಮೇಷ್ಟರು ಕಂಬಕ್ಕೆ ಒರಗಿ ನಿಂತಿದ್ದರು. ಕಾರ್ಡು ಕಳಕೊಂಡ ಮನೆಯವರೆಲ್ಲ ಅಲ್ಲಿದ್ದರು. ನಡುವೆ ಆ ಹುಡುಗಿ, ಅವಳ ಪಕ್ಕದಲ್ಲಿ ಸೆರಗು ಬಾಯಿಗೆ ಹಿಡಿದ ಅವ್ವ.

"ನೆಟ್ಗೆ ನಿಮ್ ಮನೆಗೇ ಬಂದ್ರು ಅಂದ್ರೆ ಏನರ್ಥ?" ಪಟೇಲ ಕೇಳುತ್ತಿದ್ದ. "ನಿಮ್ ಮನೆಯಿಂದ್ಲೇ ಮಾತು ಆಚೆ ಹೋಗೈತೆ. ಏನಮ್ಮೀ, ಕಂಟ್ರೋಲ್ ಅಂಗಡೀಗೆ ಹೋಗೋಳು ನೀನು. ಬಾಯಿ ಸುಮ್ನಿರಾಕಿಲ್ಲ ನಿಂದು. ಯಾರ್ತಾವ ಬೊಗುಳ್ದೆ?"

"ಯಾರ್ಗೂ ಹೇಳಿಲ್ಲ."

"ನಿಜ ಹೇಳು."

"ಯಾರ್ಗೂ ಇಲ್ಲ."

ಅಷ್ಟು ಹೇಳುವಾಗ ಅವಳು ನನ್ನನ್ನು ಕಂಡಳು. ಒಂದು ಸಲ ನೋಡಿ ಕಣ್ಣು ಕೆಳಗೆ ಹಾಕಿದಳು. ಮೇಷ್ಟರೂ ನನ್ನನ್ನು ನೋಡಿದರು. ಅವರಿಗೆ ನನ್ನ ಮೇಲೆ ಅನುಮಾನವಿರಲಿಲ್ಲ. ಪೇಟೆಯ ಕಚೇರಿಯವರ ಮನೆಯ ಮಗಳು, ಏನಾದರೂ ನೆರವಾದೀತು ಎಂದಷ್ಟೇ.

"ಅಮ್ಮಾ, ತಮ್ಮ ತಂದೆಯವರು ಕಚೇರಿಯಲ್ಲೇ ಇದ್ದಾರಲ್ಲ. ಇದು ಹೇಗಾಯಿತು ಅಂತ ತಮಗೇನಾದರೂ ತಿಳಿಯಿತಾ?"

ಎಲ್ಲರೂ ನನ್ನ ಕಡೆ ತಿರುಗಿದರು. ದಾರಿಯಲ್ಲಿ ಜೋಡಿಸಿಕೊಂಡ ಮೊದಲ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದರು. ಇನ್ನು ಈ ಊರಿಗೆ ಬರಬೇಡ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ.

"ನನಗೇನು ಗೊತ್ತು?" ಎಂದೆ.

ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಎಲ್ಲರೂ ಇನ್ನೂ ನನ್ನನ್ನೇ ನೋಡುತ್ತಿದ್ದರು, ಆ ನೋಟ ತಾಳಲಾರದೆ ಇನ್ನೊಂದು ಮಾತು ಸೇರಿಸಿದೆ: "ಮಕ್ಕಳು... ಸಂತೆಯಲ್ಲೋ ಅಂಗಡಿಯಲ್ಲೋ ಬಾಯಿತಪ್ಪಿ ಏನಾದರೂ ಅಂದಿರಬಹುದು."

ಪುಸ್ತಕ ಓದಿದಂತೆ ಮಾತಾಡುವ ವಿದ್ಯಾವಂತೆ ಹೇಳಿದ ಮೇಲೆ ಇನ್ನೇನು. ಪಟೇಲ, "ಕೇಳುದ್ರಾ?" ಎಂದ. ಒಬ್ಬ ಹೆಂಗಸು, "ಎಲ್ಲಾರ್ ಗಂಗಳಕ್ಕೂ ಮಣ್ಣಾಕ್ಬುಟ್ಲಲ್ಲಾ ಈ ಬಾಯಿಬಡ್ಕಿ," ಎಂದಳು. ಅವ್ವ ಹುಡುಗಿಯ ರಟ್ಟೆ ಹಿಡಿದು ಎಳೆದು, ಎಲ್ಲರ ಎದುರಿಗೆ, ಕೆನ್ನೆಗೆ ಬಾರಿಸಿದಳು. ಒಂದು, ಎರಡು. ಹುಡುಗಿ ಅಳಲಿಲ್ಲ. ಏಟು ತಿನ್ನುವಾಗಲೂ ನನ್ನ ಕಡೆ ನೋಡಲಿಲ್ಲ, ನೋಡಿದರೆ ಜನಕ್ಕೆ ತಿಳಿದುಬಿಡುತ್ತದೆ ಎನ್ನುವಂತೆ. ಜನ ಚದುರಿದರು. ನಾನು ಉಳಿದ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಭೂಗೋಳ ಮಾಡಿದೆ. ಹೌದು, ಮಾಡಿದೆ. ದಕ್ಷಿಣದ ನದಿಗಳು.

ಹುಡುಗಿ ಮುಂದಿನ ವಾರ ಬರಲಿಲ್ಲ. ಅವಳೆಲ್ಲಿ ಎಂದು ಕೇಳಿದರೆ ಮಕ್ಕಳು, "ಅವ್ಳ ಜೊತೆ ನಾವು ಸೇರಾಕಿಲ್ಲ," ಎಂದವು. ನೀರಿಗೆ ಹೋದರೆ ಹೆಂಗಸರು ಅವಳ ಬಿಂದಿಗೆಯನ್ನು ಪಕ್ಕಕ್ಕೆ ಸರಿಸುತ್ತಾರೆ ಎಂದು ಮೊಸರಿನವಳು ಹೇಳಿದಳು. ಹೇಳುವಾಗ ಅವಳ ಧ್ವನಿಯಲ್ಲೂ ಅಯ್ಯೋ ಎನ್ನುವುದಿರಲಿಲ್ಲ, ಅವಳ ಮನೆಯ ಕಾರ್ಡೂ ಹೋಗಿತ್ತಲ್ಲ.

ನಾನು ಅಪ್ಪನ ಹತ್ತಿರ ಹೋದೆ. ಹೇಗಾದರೂ ಮಾಡಿ ಅವರಿಗೆ ಹೊಸ ಕಾರ್ಡು ಬೇಗ ಕೊಡಿಸಿ ಎಂದೆ. ಅಪ್ಪ ಕೆಟ್ಟವರಲ್ಲ. ಲಂಚ ಮುಟ್ಟದ ಮನುಷ್ಯ ಎಂದು ಪೇಟೆಯಲ್ಲಿ ಹೆಸರಿತ್ತು. ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು:

"ಕೊಡುತ್ತಾರೆ, ಕೊಡದೆ ಏನು. ಆದರೆ ಸತ್ತವರ ಹೆಸರಲ್ಲಿ ಧಾನ್ಯ ತೆಗೆದುಕೊಳ್ಳುವುದು ತಪ್ಪಲ್ಲವೇನಮ್ಮ? ಯುದ್ಧಕಾಲ. ಒಬ್ಬರು ಹೆಚ್ಚು ತೆಗೆದುಕೊಂಡರೆ ಇನ್ನೊಬ್ಬರಿಗೆ ಕಡಿಮೆ."

ನ್ಯಾಯದ ಮಾತು. ಮಾರನೆಯ ದಿನ ಬೆಂಗಳೂರಿಗೆ ಹೋದೆ. ಸಂಜೆ ಚಿಕ್ಕಮ್ಮ ಅಂಗಡಿಗೆ ಹೋಗಲು ಕಾರ್ಡು ತೆಗೆದು ಕೊಟ್ಟಳು. ತಿರುವಿ ನೋಡಿದೆ. ಅದರಲ್ಲಿ ನನ್ನ ಹೆಸರಿತ್ತು. ಹೊಸೂರಿನ ನಮ್ಮ ಮನೆಯ ಕಾರ್ಡಿನಲ್ಲೂ ನನ್ನ ಹೆಸರಿತ್ತು. ಅದನ್ನು ಯಾರೂ ಹೊಡೆಸಿರಲಿಲ್ಲ. ಮೈಸೂರು ಸರ್ಕಾರದ ಲೆಕ್ಕದಲ್ಲಿ ಒಂದು ನಾನು, ಮದರಾಸು ಸರ್ಕಾರದ ಲೆಕ್ಕದಲ್ಲಿ ಇನ್ನೊಂದು ನಾನು. ಎರಡು ವರ್ಷದಿಂದ ಎರಡು ಕಡೆ ಸಕ್ಕರೆ, ಎರಡು ಕಡೆ ಅಕ್ಕಿ. ನಮ್ಮ ಮನೆಯಲ್ಲಿ ಯಾರಿಗೂ ಅದು ಕಳ್ಳತನವೆಂದು ತೋಚಿರಲೇ ಇಲ್ಲ. ಅಪ್ಪನಿಗೆ ಹೇಳೋಣವೆಂದುಕೊಂಡೆ, ಹೇಳಲಿಲ್ಲ. ಅವರ ಮುಖ ಸಪ್ಪಗಾಗುವುದನ್ನು ನೋಡುವ ಧೈರ್ಯವಿರಲಿಲ್ಲ.

ಪರೀಕ್ಷೆ ಹತ್ತಿರ ಬಂತೆಂದು ಮೂರು ಭಾನುವಾರ ಊರಿಗೇ ಬರಲಿಲ್ಲ. ಪರೀಕ್ಷೆಗೆ ಇನ್ನೂ ಒಂದೂವರೆ ತಿಂಗಳಿತ್ತು. ಅಧ್ಯಾಪಕಿ ನಿನ್ನ ಮಕ್ಕಳು ಹೇಗಿದ್ದಾರೆ ಎಂದು ಕೇಳಿದಾಗ, "ಒಬ್ಬಳು ಶಾಲೆ ಬಿಟ್ಟಳು," ಎಂದೆ. "ಅಯ್ಯೋ, ಯಾರು? ಆ ಅಜ್ಜಿಯ ಮನೆಯವಳಾ? ಯಾಕೆ?" ಎಂದರು. "ಮನೆಯ ಕಾರಣ," ಎಂದೆ. ಅವರು ಹಳ್ಳಿಯ ಹೆಣ್ಣುಮಕ್ಕಳ ಪಾಡಿನ ಬಗ್ಗೆ ಎರಡು ಮಾತಾಡಿದರು.

ನಾಲ್ಕನೆಯ ಭಾನುವಾರ ಮನೆಯಿಂದ ಅಕ್ಕಿ ಒಂದು ತಾಮ್ರದ ಡಬ್ಬಿಗೆ ತುಂಬಿ, ಬಟ್ಟೆ ಕಟ್ಟಿ, ಒಬ್ಬಳೇ ಹೋದೆ. ನೀಲಿ ಬಾಗಿಲು ತೆರೆದಿತ್ತು. ಅವ್ವ ಒಳಗೆ ಕಾಡುಗೆಣಸು ಹೆರೆಯುತ್ತಿದ್ದಳು. ಹುಡುಗಿ ಇರಲಿಲ್ಲ. ನಾಟ್ರಾಂಪಾಳ್ಯದ ಕಡೆ ಅತ್ತೆಯ ಮನೆಗೆ, ಅಂಚೆಟ್ಟಿಯಾಚೆ ಕಾಡಿನ ಊರಿಗೆ, ಆಡು ಕಾಯಲು ಕಳಿಸಿದ್ದಾಳಂತೆ. "ಒಂದ್ ಬಾಯಿ ಕಮ್ಮಿ ಆಯ್ತದೆ. ಇಲ್ಲಿದ್ರೆ ಊರೋರ್ ಮಾತು ಬೇರೆ," ಎಂದಳು, ಕೈಕೆಲಸ ನಿಲ್ಲಿಸದೆ.

ನಾನು ಬಾಗಿಲಲ್ಲೇ ಕೂತು ಎಲ್ಲ ಹೇಳಿದೆ. ಬರೆದದ್ದು, ಅಚ್ಚಾದದ್ದು, ಅಪ್ಪ ಕಚೇರಿಗೆ ಒಯ್ದದ್ದು. ಜನರೆದುರು ಸುಳ್ಳು ಹೇಳಿದ್ದನ್ನೂ ಹೇಳಿದೆ.

ಅವಳು ಗೆಣಸಿನ ಸಿಪ್ಪೆ ಒಂದು ಕಡೆ ರಾಶಿ ಮಾಡಿದಳು. "ಗೊತ್ತು ಕಣವ್ವಾ," ಎಂದಳು. "ಮಗಾ ಆಪೀಸ್ರು ಬಂದವತ್ತೇ ಹೇಳ್ತು. ಅಕ್ಕಂಗೆ ಬಿಟ್ರೆ ಯಾರ್ಗೂ ಹೇಳ್ಲಿಲ್ಲವ್ವಾ ಅಂತು."

"ಗೊತ್ತಿದ್ದೂ ಯಾಕಮ್ಮ ಸುಮ್ಮನಿದ್ದಿರಿ? ನನ್ನ ಹೆಸರು ಹೇಳಬಹುದಾಗಿತ್ತಲ್ಲ. ಅವಳನ್ನು ಯಾಕೆ ಹೊಡೆದಿರಿ?"

ಕೇಳುವಾಗ ನನ್ನ ಮನಸ್ಸಿನಲ್ಲಿ ಒಂದು ಉತ್ತರ ಸಿದ್ಧವಾಗಿತ್ತು. ಆ ಹುಡುಗಿಗೆ ನನ್ನ ಮೇಲೆ ಪ್ರೀತಿ, ಅದಕ್ಕೇ ನನ್ನನ್ನು ಕಾಪಾಡಿದಳು ಎಂದು ಇಷ್ಟು ವಾರ ನಂಬಿದ್ದೆ. ಅದನ್ನು ನೆನೆದು ಎಷ್ಟೋ ಸಲ ಅತ್ತಿದ್ದೆ ಕೂಡ.

ಅವ್ವ ನನ್ನನ್ನು ನೋಡಿದ್ದು ಆಗ. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಒಂದು ಮಗುವಿಗೆ ತಿಳಿಯದ್ದನ್ನು ತಿಳಿಸುವಂತೆ ಹೇಳಿದಳು:

"ನಿನ್ ಹೆಸ್ರು ಹೇಳಾದು ಹೆಂಗವ್ವಾ? ನಿಮ್ಮಪ್ಪಾರು ಆಪೀಸ್ನಾಗವ್ರೆ. ನಾಳೀಕೆ ಹೊಸ ಕಾರ್ಡ್ಗೆ ಅಲ್ಲೇ ಹೋಗಿ ನಿಲ್ಬೇಕು ನಾವು. ಮಗೀಗೂ ಅದೇ ಹೇಳ್ದೆ ಮುಂಚೇನೇ, ಏನಾದ್ರೂ ಅಕ್ಕನ್ ಹೆಸ್ರು ಎತ್ಬ್ಯಾಡ ಅಂತ. ಊರೋರು ಬುಡ್ಬೇಕಲ್ಲಾ, ಅದ್ಕೆ ಎರಡೇಟು ಹಾಕ್ದೆ. ಹಾಕ್ದಿದ್ರೆ ಇನ್ನಾರ್ ಹಾಕೋರೋ."

ನಾನು ಪ್ರೀತಿ ಎಂದುಕೊಂಡಿದ್ದು ಭಯ. ನಮ್ಮಪ್ಪನ ಹಳೆಯ ಕೋಟಿನ, ನನ್ನ ಕೊಡೆಯ, ನನ್ನ ಪುಸ್ತಕದ ಮಾತಿನ ಭಯ. ವರ್ಷವಿಡೀ ಅಕ್ಕಾ ಅಕ್ಕಾ ಎಂದು ಆ ಮನೆಯಲ್ಲಿ ಕರೆಸಿಕೊಂಡಿದ್ದೆ, ಆ ಭಯ ಅಲ್ಲಿ ಇದೆಯೆಂದು ನನಗೆ ಕಂಡಿರಲೇ ಇಲ್ಲ.

ಅಕ್ಕಿಯ ಡಬ್ಬಿಯನ್ನು ಮುಂದೆ ಸರಿಸಿದೆ. ಬೇಡವೆನ್ನುತ್ತಾಳೆ, ಅದಾದರೂ ನನಗೆ ತಕ್ಕ ಶಿಕ್ಷೆಯಾಗುತ್ತದೆ ಎಂದುಕೊಂಡಿದ್ದೆ. ಅವಳು ಬೇಡವೆನ್ನಲಿಲ್ಲ. ಮೊರಕ್ಕೆ ಸುರಿದುಕೊಂಡು ಕೈಯಾಡಿಸಿ, "ಒಳ್ಳೇ ಅಕ್ಕಿ," ಎಂದಳು. ಬರಿಯ ಪಾತ್ರೆ ಹಿಂತಿರುಗಿಸಬಾರದೆಂದು ಅಟ್ಟದಿಂದ ಒಂದು ಹಿಡಿ ಒಣ ಅವರೆಕಾಳು ತೆಗೆದು ಡಬ್ಬಿಗೆ ಹಾಕಿ ಕೊಟ್ಟಳು. ಅದನ್ನು ಬೇಡವೆನ್ನಲು ನನಗೂ ಬಾಯಿ ಬರಲಿಲ್ಲ. ಮನೆಗೆ ಬಂದಾಗ ಅಮ್ಮ ಏನೂ ಕೇಳದೆ ಆ ಕಾಳನ್ನು ನೆನೆಹಾಕಿದಳು. ಸಾರು ಮಾಡಿದಳು. ಉಂಡೆವು.

ಹೊಸ ಕಾರ್ಡುಗಳು ಬಂದಾಗ ಯುಗಾದಿ ಕಳೆದಿತ್ತು. ನಾನು ಅಷ್ಟರಲ್ಲಿ ಆ ಊರಿಗೆ ಹೋಗುವುದನ್ನು ನಿಲ್ಲಿಸಿದ್ದೆ. ಸೇವಾ ಸಂಘದಿಂದ ನನಗೊಂದು ಪ್ರಶಸ್ತಿಪತ್ರ ಸಿಕ್ಕಿತು. ಸುತ್ತ ಬಳ್ಳಿ ಚಿತ್ರ, ನಡುವೆ ನನ್ನ ಹೆಸರು. ಪಟೇಲನಿಗಾಗಲಿ ಮೇಷ್ಟರಿಗಾಗಲಿ ನಿಜ ಹೇಳುವ ಕೆಲಸ ಮಾತ್ರ ಉಳಿದೇಹೋಯಿತು. ಅವ್ವನಿಗೆ ಹೇಳಿದೆನಲ್ಲ ಎಂದು ಅದನ್ನೂ ಮುಗಿದ ಲೆಕ್ಕಕ್ಕೆ ಸೇರಿಸಿಬಿಟ್ಟೆ. ಆದರೆ ಹುಡುಗಿಯ ಮೇಲಿದ್ದ ಅಪವಾದ ಇದ್ದದ್ದು ಊರಿನಲ್ಲಿ, ಅವ್ವನಲ್ಲಿ ಅಲ್ಲ. ಅದನ್ನು ತೆಗೆಯಬೇಕಾಗಿದ್ದದ್ದು ಶಾಲೆಯ ಜಗಲಿಯ ಮೇಲೆ ನಿಂತು. ಅಲ್ಲಿ ನಾನು ಮತ್ತೆ ನಿಲ್ಲಲಿಲ್ಲ.

ಬಿ.ಎ. ಮುಗಿಸಿ ಕೃಷ್ಣಗಿರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ರೇಷನ್ನು ಮಾತ್ರ ಹೋಗುವುದು ಬರುವುದು ಮಾಡುತ್ತಿತ್ತು. ಸ್ವಾತಂತ್ರ್ಯ ಬಂದು ಎರಡು ವರ್ಷದ ಮೇಲೆ ರಜೆಗೆ ಹೊಸೂರಿಗೆ ಬಂದಿದ್ದಾಗ ಅಪ್ಪನಿಗೆ ಊಟ ಕೊಟ್ಟು ಕಚೇರಿಯಿಂದ ಹೊರಗೆ ಬರುತ್ತಿದ್ದೆ. ಹುಣಿಸೆಮರದ ಕೆಳಗೆ ಒಬ್ಬಳು ಸೊಂಟದ ಮೇಲೆ ಕೂಸು ಇಟ್ಟುಕೊಂಡು ಕೈಯಲ್ಲಿ ಒಂದು ಕಾಗದ ಹಿಡಿದು ನಿಂತಿದ್ದಳು. ನನಗಿಂತ ಮೊದಲು ಅವಳೇ ಗುರುತು ಹಿಡಿದಳು.

"ಚೆನ್ನಾಗಿದೀರಾ ಅಮ್ಮಾ?"

ಹದಿನಾರೋ ಹದಿನೇಳೋ ಆಗಿರಬೇಕು. ಕೆನ್ನೆ ಒಳಗೆ ಹೋಗಿತ್ತು. ನಾಟ್ರಾಂಪಾಳ್ಯದ ಕಡೆಯೇ ಮದುವೆಯಾಗಿದೆ ಎಂದಳು. ಗಂಡ ಗಾಡಿಯ ಹತ್ತಿರ ಎತ್ತಿಗೆ ಹುಲ್ಲು ಹಾಕುತ್ತಿದ್ದಾನೆ. ಹೊಲದ ವಿಚಾರವಾಗಿ ಈ ಕಾಗದ ಬಂದಿದೆ, ತಮಿಳಿನಲ್ಲಿದೆ, ಏನೆಂದು ತಿಳಿಯುತ್ತಿಲ್ಲ.

"ಕೊಡು, ಓದುತ್ತೇನೆ," ಎಂದೆ. ಕೈ ಚಾಚಿದೆ.

ಒಂದು ಗಳಿಗೆ ತಡೆದು ಕೊಟ್ಟಳು. ಸರ್ವೇ ಮಾಡುವವರ ನೋಟೀಸು. ಮುಂದಿನ ಮಂಗಳವಾರ ಬಂದು ಹೊಲದ ಎಲ್ಲೆ ಅಳೆಯುತ್ತಾರೆ, ಮನೆಯವರೂ ಅಕ್ಕಪಕ್ಕದ ಹೊಲದವರೂ ಹಾಜರಿರಬೇಕು, ಹೆದರುವಂಥದು ಏನೂ ಇಲ್ಲ. ಎರಡು ಸಲ ಬಿಡಿಸಿ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು.

ಅವತ್ತಿನ ಮಾತು ಎತ್ತಬೇಕೆಂದು ಬಾಯಿ ತೆರೆದೆ. "ನೋಡು, ಅವತ್ತು ಶಾಲೆಯ ಹತ್ತಿರ ನಾನು..." ಎನ್ನುವಷ್ಟರಲ್ಲಿ ಕೂಸು ಅತ್ತಿತು. ಅವಳು ಅದನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, "ಬತ್ತೀನಮ್ಮಾ, ಗಾಡಿ ಹೊಂಟೋಯ್ತದೆ," ಎಂದು ಕಾಗದ ತೆಗೆದುಕೊಂಡಳು.

ನಾನು ರಸ್ತೆ ದಾಟಿ ಅಂಗಡಿಯೊಂದರ ಮುಂದೆ ನಿಂತು ತಿರುಗಿ ನೋಡಿದೆ. ಅವಳು ಗಾಡಿಯ ಕಡೆಗೆ ಹೋಗಿರಲಿಲ್ಲ. ಮರದ ಆ ಬದಿಯಲ್ಲಿ ಮಣೆ ಹಾಕಿಕೊಂಡು ಅರ್ಜಿ ಬರೆಯುವ ಮುದುಕನೊಬ್ಬ ಕೂತಿರುತ್ತಿದ್ದ. ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಅದೇ ಕಾಗದವನ್ನು ಬಿಚ್ಚಿ ಅವನ ಕೈಗೆ ಕೊಟ್ಟಿದ್ದಳು. ಅವನು ಬೆರಳಿಟ್ಟು ಓದುತ್ತಿದ್ದ. ಪ್ರತಿ ಸಾಲಿಗೂ ಅವಳು ತಲೆ ಆಡಿಸುತ್ತಿದ್ದಳು.

ನಾನು ಓದಿ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅವನೂ ಅದನ್ನೇ ಹೇಳಿರಬೇಕು. ಅವಳು ಕಾಗದ ಮಡಿಸಿ ಮಡಿಲಿಗೆ ಸಿಕ್ಕಿಸಿಕೊಂಡು ಎದ್ದಳು. ಈ ಕಡೆ ತಿರುಗಿ ನನ್ನನ್ನು ಕಂಡರೆ ಅವಳಿಗೆ ಸಂಕೋಚವಾದೀತೆಂದು ನಾನು ಅಂಗಡಿಯ ಕಂಬದ ಹಿಂದೆ ಸರಿದು ನಿಂತೆ, ಗಾಡಿ ಹೊರಟ ಸದ್ದು ಕೇಳುವವರೆಗೆ.